ಬೂದಿ ಕೆರೆಯಲ್ಲಿ ಒಂದು ಹಸಿ ಜಾಗ

ಎಲೆಗುಡ್ಡದ ವಿದ್ಯುತ್ ಕೇಂದ್ರದ ಎಂಟು ಘಟಕಗಳಲ್ಲಿ ಏಳು ಆಗಲೇ ತಣ್ಣಗಾಗಿದ್ದವು. ಐದನೆಯದೊಂದು ಮಾತ್ರ ಕಲ್ಲಿದ್ದಲು ತಿನ್ನುತ್ತಾ, ಹೊಗೆ ಬಿಡುತ್ತಾ ನಿಂತಿತ್ತು. ಅದನ್ನೂ ಫೆಬ್ರವರಿಯ ಕೊನೆಯ ದಿನ ನಿಲ್ಲಿಸಬೇಕೆಂದು ಆದೇಶವಾಗಿತ್ತು. 2046ರ ಹೊತ್ತಿಗೆ ಬಿಸಿಲಿನ ವಿದ್ಯುತ್ತೇ ನಾಡಿಗೆಲ್ಲ ಸಾಕಾಗಿ ಮಿಗುತ್ತಿತ್ತು. ಕಲ್ಲಿದ್ದಲು ಸುಡುವ ದರ್ದು ಯಾರಿಗೂ ಉಳಿದಿರಲಿಲ್ಲ. ಆದರೂ ಆ ಒಂದು ಘಟಕವನ್ನು ಆರು ತಿಂಗಳು ಹೆಚ್ಚಿಗೆ ಉಳಿಸಿಕೊಂಡದ್ದು ವಿದ್ಯುತ್ತಿಗಾಗಿ ಅಲ್ಲ, ಅದು ಹೊರಗೆ ಬಿಡುವ ಬಿಸಿನೀರಿಗಾಗಿ.

ಆ ಬಿಸಿನೀರನ್ನು ಮೂವತ್ತನಾಲ್ಕು ವರ್ಷ ದಿನವೂ ಅಳೆದವಳು ಹುಲಿಗೆಮ್ಮ. ಕೇಂದ್ರದ ರಸಾಯನ ಪ್ರಯೋಗಾಲಯದ ಮುಖ್ಯಸ್ಥೆ. ಬೆಳಿಗ್ಗೆ ಏಳಕ್ಕೆ ಕಾಲುವೆಯ ಬಾಯಿಗೆ ಹೋಗಿ ಥರ್ಮಾಮೀಟರ್ ಇಳಿಬಿಡುವುದು, ಎರಡು ಬಾಟಲಿ ನೀರು ತುಂಬಿಕೊಳ್ಳುವುದು, ಅಲ್ಲಿಂದ ಬೂದಿ ಕೆರೆಯ ಏರಿಯ ಮೇಲೆ ಜೀಪಿನಲ್ಲಿ ಸುತ್ತುವುದು, ನದಿಗೆ ಸೋರುವ ನೀರಿನಲ್ಲಿ ಏನೇನು ಇದೆ ಎಂದು ಬರೆದಿಡುವುದು. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ಆಕೆ ಕೆಳಗಿನ ಊರುಗಳಿಗೆ ಹೋಗಿ, ‘ಈ ಬೋರಿನ ನೀರು ಕುಡೀಬ್ಯಾಡ್ರಿ’ ಎಂದು ಹೇಳಿ ಕೆಂಪು ಬಣ್ಣ ಬಳಿಸಿ ಬರುತ್ತಿದ್ದಳು. ಹೀಗೆ ಬಳಿಸಿದ ಬೋರುಗಳು ಹನ್ನೊಂದು.

ಬೂದಿ ಕೆರೆ ಎಂದರೆ ಆರುನೂರು ಎಕರೆ. ಅರ್ಧ ಶತಮಾನ ಸುಟ್ಟ ಕಲ್ಲಿದ್ದಲಿನ ಬೂದಿಯನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ತಂದು ಅಲ್ಲಿ ಸುರಿದಿದ್ದರು. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕೃಷ್ಣಾ ನದಿ, ನಡುವೆ ಮಣ್ಣಿನ ಏರಿ. ಗಾಳಿ ಬೀಸಿದರೆ ಬೂದಿ ಏಳುತ್ತಿತ್ತು. ಮಳೆ ಬಂದರೆ ಅದರೊಳಗಿನ ಆರ್ಸೆನಿಕ್, ಕ್ರೋಮಿಯಂ ಕರಗಿ ಕೆಳಗಿಳಿಯುತ್ತಿತ್ತು. ಒಂದು ದೊಡ್ಡ ಪ್ರವಾಹ ಬಂದು ಏರಿ ಒಡೆದರೆ ಏನಾಗುತ್ತದೆ ಎಂದು ಹುಲಿಗೆಮ್ಮ ಯೋಚಿಸದ ಮಳೆಗಾಲವಿಲ್ಲ.

ಅದಕ್ಕೊಂದು ಪರಿಹಾರ ತಂದವನು ಡಾಕ್ಟರ್ ನದಾಫ್. ಧಾರವಾಡದ ಕಡೆಯ ಮೂವತ್ತೈದರ ಹುಡುಗ, ಸೂಕ್ಷ್ಮಜೀವಿ ವಿಜ್ಞಾನಿ. ಅವನು ಪ್ರಯೋಗಾಲಯದಲ್ಲಿ ಬೆಳೆಸಿದ ಒಂದು ಬಗೆಯ ಬ್ಯಾಕ್ಟೀರಿಯಾ ಯೂರಿಯಾ ತಿಂದು, ಬೂದಿಯೊಳಗಿನ ಸುಣ್ಣವನ್ನು ಬಳಸಿಕೊಂಡು, ಕಣಕ್ಕೆ ಕಣ ಬೆಸೆಯುತ್ತಿತ್ತು. ನಲವತ್ತು ದಿನಗಳಲ್ಲಿ ಬೂದಿ ಕಲ್ಲಾಗುತ್ತಿತ್ತು. ವಿಷವೆಲ್ಲ ಆ ಕಲ್ಲಿನೊಳಗೇ ಸೆರೆ. ಕೆಲಸಗಾರರು ಅದಕ್ಕೆ ‘ಕಲ್ಲುಹುಳ’ ಎಂದು ಹೆಸರಿಟ್ಟಿದ್ದರು.

ಆದರೆ ಕಲ್ಲುಹುಳಕ್ಕೆ ಒಂದು ಹಟ. ಮೂವತ್ನಾಲ್ಕು ಡಿಗ್ರಿ ಬಿಸಿ ಬೇಕು. ಮೂವತ್ತಕ್ಕಿಂತ ಕೆಳಗಿಳಿದರೆ ಕೆಲಸ ಬಿಟ್ಟು ಮಲಗುತ್ತದೆ. ಅರೆಬರೆ ಕಟ್ಟಿದ ಪದರ ಆಮೇಲೆ ಬಿರುಕು ಬಿಟ್ಟು ಮೊದಲಿಗಿಂತ ಹೆಚ್ಚು ವಿಷ ಸೋರುತ್ತದೆ. ಆದ್ದರಿಂದ ಐದನೇ ಘಟಕದ ಬಿಸಿನೀರನ್ನು ಕಾಲುವೆಗೆ ಬಿಡುವ ಮೊದಲೇ ಪೈಪಿಗೆ ತಿರುಗಿಸಿ, ಬೂದಿಯೊಳಗೆ ಹೂತ ಸಾವಿರಾರು ಕೊಳವೆಗಳಲ್ಲಿ ಸುತ್ತಾಡಿಸಿ, ಆಮೇಲೆ ಕಾಲುವೆಗೆ ಬಿಡುತ್ತಿದ್ದರು. ಇಷ್ಟು ವರ್ಷ ನದಿಯ ಮೀನು ಕೊಂದ ಬಿಸಿ ಈಗ ಬೂದಿಯ ವಿಷ ಕಟ್ಟುವ ಕೆಲಸಕ್ಕೆ ಬಂದಿತ್ತು.

ಜನವರಿ ಮೊದಲ ವಾರ ನದಾಫ್ ಕಂಟ್ರೋಲ್ ರೂಮಿಗೆ ಹುಲಿಗೆಮ್ಮನನ್ನು ಕರೆಸಿದ. ಒಂದು ಕಾಲಕ್ಕೆ ಎಂಟು ಘಟಕಗಳ ಮೀಟರುಗಳ ಮುಳ್ಳುಗಳು ಕುಣಿಯುತ್ತಿದ್ದ ಆ ದೊಡ್ಡ ಕೋಣೆಯಲ್ಲಿ ಈಗ ಮೂರೇ ಕುರ್ಚಿ. ಪರದೆಯ ಮೇಲೆ ಬೂದಿ ಕೆರೆಯ ನಕ್ಷೆ ಇತ್ತು. ಗಟ್ಟಿಯಾದ ಭಾಗವೆಲ್ಲ ಕಂದು. ನದಿಯ ಕಡೆ ತಳದ ಪದರದಲ್ಲಿ ಮಾತ್ರ ಒಂದು ನೀಲಿ ಚುಕ್ಕೆ.

"ಅರವತ್ತು ಅಡಿ ಅಗಲ ಅದ ಮೇಡಂ," ಎಂದ ನದಾಫ್. "ಮೂರು ಸಲ ಹುಳ ಬಿಟ್ಟೀನಿ. ಹಿಡೀವಲ್ದು. ಸುತ್ತ ಮೂವತ್ತೈದು ಡಿಗ್ರಿ ಅದ, ಅಲ್ಲಿ ಮಾತ್ರ ಇಪ್ಪತ್ತೇಳು. ದಿನಾ ಇಪ್ಪತ್ತೇಳು. ಎಷ್ಟು ಬಿಸಿನೀರು ಕೊಟ್ರೂ ಅಷ್ಟೇ."

"ಕೊಳವೆ ಕಟ್ಟಿರಬೇಕು."

"ನೋಡ್ದೆ. ಕಟ್ಟಿಲ್ಲ."

ಹುಲಿಗೆಮ್ಮ ಆ ಚುಕ್ಕೆಯ ನಡುವಿನಿಂದ ಒಂದು ಬಾಟಲಿ ನೀರು ತೆಗೆಸಿ ಪ್ರಯೋಗಾಲಯಕ್ಕೆ ಹೋದಳು. ಮೂವತ್ತನಾಲ್ಕು ವರ್ಷದಲ್ಲಿ ಬೂದಿ ನೀರಿನ ಜಾತಕ ಆಕೆಗೆ ಬಾಯಿಪಾಠವಾಗಿತ್ತು: ಬೋರಾನ್ ಹೆಚ್ಚು, ಸಲ್ಫೇಟ್ ಹೆಚ್ಚು. ಈ ನೀರಿನಲ್ಲಿ ಎರಡೂ ಅರ್ಧಕ್ಕರ್ಧ ಕಡಿಮೆ ಇದ್ದವು. ನದಿ ನೀರಿನಲ್ಲಿ ಇರದಷ್ಟು ಸಿಲಿಕಾ ಇತ್ತು. ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಡೆದು ಬಂದ ನೀರು ಮಾತ್ರ ಹೀಗಿರುತ್ತದೆ. ಆಕೆ ಎರಡು ಸಲ, ಮೂರು ಸಲ ಮಾಡಿ ನೋಡಿದಳು. ಬೂದಿಯ ಕೆಳಗಿನಿಂದ ಗುಡ್ಡದ ಸೆಲೆಯೊಂದು ಉಕ್ಕುತ್ತಿತ್ತು. ಅದೇ ಕಲ್ಲುಹುಳವನ್ನು ತಣ್ಣಗೆ ಮಾಡಿ, ಅಂಟುವ ಮೊದಲೇ ತೊಳೆದುಬಿಡುತ್ತಿತ್ತು.

ಪರದೆಯ ಮೇಲಿದ್ದ ನಕ್ಷೆಯ ಒಂದು ಪ್ರತಿಯನ್ನು ಮಡಚಿ ಹಿಡಿದು ಆಕೆ ಮನೆಗೆ ನಡೆದಳು. ಕಾಲೊನಿಯ ರಸ್ತೆಗಳಲ್ಲಿ ಸಾಲಾಗಿ ಬೀಗ ಹಾಕಿದ ಕ್ವಾರ್ಟರ್ಸುಗಳು. ಒಂದು ಕಾಲಕ್ಕೆ ಪಾಳಿಯ ಸೈರನ್ ಕೂಗಿದರೆ ಈ ರಸ್ತೆ ಸೈಕಲ್ಲುಗಳಿಂದ ತುಂಬುತ್ತಿತ್ತು. ಶನಿವಾರ ಕ್ಲಬ್ಬಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಚಳಿಗಾಲದಲ್ಲಿ ಬಿಸಿನೀರ ಕಾಲುವೆಯ ಮೇಲೆ ಮಂಜಿನ ಹಾಗೆ ಉಗಿ ಏಳುತ್ತಿತ್ತು, ಹುಡುಗರೆಲ್ಲ ಅದರಲ್ಲಿ ಬಿದ್ದು ಹೊರಳಿ ಶಾಲೆಗೆ ತಡವಾಗಿ ಬರುತ್ತಿದ್ದರು. ಹುಲಿಗೆಮ್ಮನೂ ಹಾಗೆ ತಡವಾಗಿ ಹೋಗಿ ಏಟು ತಿಂದವಳೇ. ಆಕೆಗೆ ಏಳು ವರ್ಷವಿದ್ದಾಗ ಹುಣಸಿಕಡವು ಎಂಬ ಅವಳ ಊರನ್ನು ಎಬ್ಬಿಸಿ ಈ ಬೂದಿ ಕೆರೆ ಮಾಡಿದ್ದರು. ಹರಿಗೋಲು ಹಾಕುತ್ತಿದ್ದ ಅಪ್ಪನಿಗೆ ಕೇಂದ್ರದಲ್ಲಿ ಕೆಲಸ ಕೊಟ್ಟಿದ್ದರು. ಆ ಕೆಲಸದಿಂದಲೇ ಅವಳ ಓದು, ಓದಿನಿಂದ ಈ ನೌಕರಿ. ಊರನ್ನು ನುಂಗಿದ್ದೂ ತನ್ನನ್ನು ಬೆಳೆಸಿದ್ದೂ ಒಂದೇ ಎಂಬುದನ್ನು ಆಕೆ ಯಾರ ಜೊತೆಗೂ ಆಡಿದವಳಲ್ಲ.

ಮನೆಯಲ್ಲಿ ಚಿಗವ್ವ ತಾಯವ್ವ ಮೀನು ಹೆರೆಯುತ್ತಿದ್ದಳು. ಚಿಗವ್ವನ ಗಂಡ ತೀರಿಕೊಂಡ ಮೇಲೆ ಹುಲಿಗೆಮ್ಮ ತಾಯಿಯ ಈ ತಂಗಿಯನ್ನು ತನ್ನ ಹತ್ತಿರವೇ ಕರೆತಂದಿದ್ದಳು. ಎಪ್ಪತ್ತೊಂದರ ಮುದುಕಿ, ಈಗಲೂ ಕಾಲುವೆಯ ಬಾಯಲ್ಲಿ ಬಲೆ ಹಾಕಿ ಜಿಲೇಬಿ ಮೀನು ಹಿಡಿದು ಮಾರುತ್ತಿದ್ದಳು. ಬಿಸಿನೀರಿಗೆ ಆ ಮೀನು ಹಿಂಡುಹಿಂಡಾಗಿ ಬರುತ್ತಿತ್ತು.

"ಚಿಗವ್ವ, ನಮ್ಮ ಊರಾಗ ಬಾವಿ ಎಷ್ಟಿದ್ದವು?"

"ಮೂರು. ಗೌಡರ ಬಾವಿ ಒಂದು, ಗುಡಿ ಬಾವಿ ಒಂದು, ನಮ್ಮ ಓಣಿ ಬಾವಿ ಒಂದು."

"ಕಂದಾಯದ ನಕ್ಷೆದಾಗ ಎರಡೇ ಅದಾವ."

"ನಮ್ಮದು ಎಲ್ಲಿಂದ ಬರ್ತೈತಿ? ನಮ್ಮ ಹಿರ್ಯಾರು ತಾವೇ ಅಗದದ್ದು. ಸರಕಾರದ ಜಾಗದಾಗ. ಎಬ್ಬಸಾಕ ಬಂದವರು ಕೇಳಿದ್ರು, ಕಾಗದ ಐತೇನು ಅಂತ. ಬಾವಿಗಿ ಯಾರು ಕಾಗದ ಮಾಡಸ್ತಾರ?" ಚಿಗವ್ವ ಮೀನಿನ ಪಾತ್ರೆ ಬದಿಗಿಟ್ಟಳು. "ಎಂಥಾ ಬ್ಯಾಸಿಗ್ಯಾಗೂ ಬತ್ತಿದ್ದಿಲ್ಲ ನೋಡು. ಗೌಡರ ಮನಿಯವರೂ ಮೇ ತಿಂಗಳಾಗ ನಮ್ಮ ಕಡೇನ ಕೊಡ ಕಳಸ್ತಿದ್ರು."

ಹುಲಿಗೆಮ್ಮ ನಕ್ಷೆ ಬಿಡಿಸಿ ನೀಲಿ ಚುಕ್ಕೆ ತೋರಿಸಿದಳು. ಕಂದಾಯದ ನಕ್ಷೆಯ ಆ ಎರಡು ಬಾವಿಗಳೂ ಅದರಿಂದ ದೂರವಿದ್ದವು. ಮುದುಕಿಗೆ ನಕ್ಷೆ ತಿಳಿಯಲಿಲ್ಲ. ಆದರೆ ಚಿಕ್ಕ ಮಗುವಿಗೆ ಹೇಳುವಂತೆ ಹುಲಿಗೆಮ್ಮ ಬಿಡಿಸಿ ಹೇಳಿದ ಮೇಲೆ, ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಆ ಚುಕ್ಕೆ ಮುಟ್ಟಿದಳು. ಆಮೇಲೆ, "ಇನ್ನ ಐತೇನು ಅದು," ಎಂದಳು.

ಮರುದಿನದ ಸಭೆಯಲ್ಲಿ ಮುಖ್ಯ ಎಂಜಿನಿಯರ್ ಕಟ್ಟೀಮನಿ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಕೆಟ್ಟ ಮನುಷ್ಯನಲ್ಲ, ಏಳು ಘಟಕಗಳನ್ನು ಒಂದೊಂದಾಗಿ ಮುಚ್ಚಿ ಸೋತುಹೋಗಿದ್ದರು.

"ಬಾವಿ ಇರಬಹುದು ಹುಲಿಗೆಮ್ಮ. ಮ್ಯಾಲಿಂದ ತೂತು ಹೊಡೆದು ಸಿಮೆಂಟ್ ಇಳಿಸಿಬಿಡೋಣ. ನೀರು ನಿಲ್ತದ, ಹುಳ ಹಿಡೀತದ. ನಮಗ ಏಳು ವಾರ ಅಷ್ಟೇ ಅದ."

"ನೀರು ನಿಲ್ಲೋದಿಲ್ಲ ಸರ್. ಗುಡ್ಡದ ಒತ್ತಡ ಅದರ ಹಿಂದ ಅದ. ಇಲ್ಲಿ ಮುಚ್ಚಿದ್ರ ಬ್ಯಾರೆ ದಾರಿ ಹುಡುಕ್ತದ. ಬಾವಿಯಿಂದ ಏರಿಗೆ ನೂರಾ ಐವತ್ತು ಅಡಿ. ಏರಿ ಬುಡಕ್ಕ ಹೊಕ್ಕರ?"

ಕಟ್ಟೀಮನಿ ಕನ್ನಡಕ ತೆಗೆದು ಒರೆಸಿದರು. "ಹಂಗಾದ್ರ ಏನು ಮಾಡೂಣು?"

"ಬಾವಿ ಬಾಯಿಗೇ ಕೊಳವೆ ಇಳಿಸೋಣ. ಒಳಗ ಬಿದ್ದ ಬೂದಿ ತೆಗೆದು, ನೀರನ್ನ ಕೊಳವಿಯೊಳಗಿಂದ ಮ್ಯಾಲ ತರೋಣ. ಬೂದಿಗೆ ಮುಟ್ಟಂಗಿಲ್ಲ. ಆಗ ಸುತ್ತಲ ಜಾಗ ಬಿಸಿ ಆಗ್ತದ, ಗಟ್ಟಿ ಆಗ್ತದ."

"ಬಾವಿ ಬಾಯಿ ಎಷ್ಟು ಅಗಲ?"

"ಎಂಟಡಿ."

"ನೀಲಿ ಚುಕ್ಕೆ ಅರವತ್ತು ಅಡಿ ಅದ. ನಲವತ್ತು ಅಡಿ ಬೂದಿ ಕೆಳಗ ಎಂಟಡಿ ಬಾಯಿ ಎಲ್ಲಿ ಹುಡುಕ್ತೀರಿ?" ನದಾಫ್ ಕಡೆ ನೋಡಿದರು. ರಾಡಾರ್ ಯಂತ್ರದಿಂದ ನೋಡಲಾದೀತೇ ಎಂಬ ಪ್ರಶ್ನೆ ಅದು. ಒದ್ದೆ ಬೂದಿಯಲ್ಲಿ ಅದಕ್ಕೆ ಹತ್ತಡಿಯ ಕೆಳಗೆ ಏನೂ ಕಾಣುವುದಿಲ್ಲ ಎಂದ ನದಾಫ್. ಕೊನೆಗೆ ಕಟ್ಟೀಮನಿ ಹತ್ತು ದಿನ ಕೊಟ್ಟರು. ಕೊರೆಯುವ ಯಂತ್ರ ಒಂದೇ ಇತ್ತು. ಹತ್ತು ದಿನದಲ್ಲಿ ಸಿಗದಿದ್ದರೆ ಸಿಮೆಂಟ್.

ಅಂದು ಸಂಜೆ ಚಿಗವ್ವನೇ ಕೇಳಿದಳು, "ಅಲ್ಲಿ ಮ್ಯಾಲ ಹತ್ತಿ ನಿಂತ್ರ ನದಿ ಕಾಣ್ತೈತೇನು?"

"ಕಾಣ್ತದ."

"ಗುಡ್ಡ?"

"ಅದೂ ಕಾಣ್ತದ."

"ಹಂಗಾರ ನನ್ನ ಕರ್ಕೊಂಡ ಹೋಗು. ಅಂಬಿಗರ ಹೆಣ್ಣುಮಗಳು ನಾ. ನೀರಿನ ನಡುವ ಮೀನಿನ ಬಲಿ ಹಾಕಿದ ಜಾಗ ಮರುದಿನ ಹೋಗಿ ಹುಡಕಬೇಕಂದ್ರ ಏನು ಗುರುತು ಇರ್ತೈತಿ? ದಂಡಿ ಮ್ಯಾಲಿನ ಗುರುತ ನೋಡಬೇಕು."

ಬೆಳಿಗ್ಗೆ ಒಂಬತ್ತರ ಬಿಸಿಲಿನಲ್ಲಿ ಜೀಪು ಬೂದಿ ಕೆರೆಯ ಮೇಲೆ ನಿಂತಿತು. ಮೇಲ್ಪದರ ಆಗಲೇ ಕಲ್ಲಾಗಿತ್ತು. ಹಾಸುಗಲ್ಲಿನ ಅಂಗಳದಂತೆ ಕಣ್ಣು ಹರಿಯುವಷ್ಟು ದೂರ ಸಪಾಟು. ಚಿಗವ್ವ ಚಪ್ಪಲಿ ಬಿಟ್ಟು ಇಳಿದಳು. ಕೆಳಗೆ ಊರಿದೆ ಎಂದು ಬಿಟ್ಟಳೋ, ರೂಢಿಯಿಂದ ಬಿಟ್ಟಳೋ ಹುಲಿಗೆಮ್ಮ ಕೇಳಲಿಲ್ಲ.

"ನೀರು ಸೇದುವಾಗ ನದಿ ಕಡಿ ಮಾರಿ ಮಾಡಿ ನಿಂತ್ರ," ಎಂದಳು ಚಿಗವ್ವ, "ಹೊಳಿಯೊಳಗಿನ ಆನಿಬಂಡಿ ಕಲ್ಲಿನ ಹಿಂದ ಆಚಿ ದಂಡಿ ದರ್ಗಾದ ಗುಮ್ಮಟ ಮುಚ್ಚಿ ಹೋಗ್ತಿತ್ತು. ಹಿಂದ ತಿರುಗಿದ್ರ ಗುಡ್ಡದ ಮ್ಯಾಲಿನ ಅಕ್ಕ-ತಂಗಿ ಗುಂಡು ಎರಡೂ ಕೂಡಿ ಒಂದಾ ಕಾಣ್ತಿದ್ದವು. ಮದುವಿ ಆಗಿ ಬಂದ ಹೊಸದಾಗ ದಿನಾ ಹತ್ತು ಸಲ ನಿಂತೀನಿ ಅಲ್ಲಿ."

ನೆಲ ನಲವತ್ತು ಅಡಿ ಮೇಲೆದ್ದದ್ದರಿಂದ ಗುಮ್ಮಟ ಈಗ ಬಂಡೆಯ ಮೇಲಿಂದ ಪೂರ್ತಿ ಕಾಣುತ್ತಿತ್ತು. ಆದರೆ ನೇರ ತಪ್ಪಿರಲಿಲ್ಲ. ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ಎಡಕ್ಕೆ ನಾಲ್ಕು ಹೆಜ್ಜೆ ಹೋದಳು. ಗುಮ್ಮಟ ಬಂಡೆಯ ನಡುನೆತ್ತಿಗೆ ಬಂತು. ಆ ನೇರ ಬಿಡದೆ ಹಿಂದಕ್ಕೆ, ಮುಂದಕ್ಕೆ ನಡೆದು ಗುಡ್ಡ ನೋಡಿದಳು. ಎರಡು ಗುಂಡುಗಳು ಹತ್ತಿರ ಬಂದವು, ಬಿಟ್ಟವು, ಮತ್ತೆ ಹತ್ತಿರ ಬಂದವು. ಒಂದು ಕಡೆ ಅವು ಕೂಡಿಕೊಂಡವು. ಆಕೆ ನಿಂತುಬಿಟ್ಟಳು.

"ಇಲ್ಲೇ," ಎಂದಳು. ನದಾಫ್ ಓಡಿ ಬಂದು ಅವಳ ಹೆಬ್ಬೆರಳ ಮುಂದೆ ಸುಣ್ಣದಲ್ಲಿ ಗೆರೆ ಎಳೆದ. ಉಪಕರಣ ನೋಡಿದ. ನೀಲಿ ಚುಕ್ಕೆಯ ಒಳಗೇ ಇದ್ದರು.

ಕೊರೆತಕ್ಕೆ ಎರಡು ದಿನ ಹಿಡಿಯಿತು. ನಲವತ್ತೊಂದು ಅಡಿಗೆ ಬೂದಿ ಮುಗಿದು ಮಣ್ಣು ಬಂತು. ಕಲ್ಲೂ ಇಲ್ಲ, ನೀರೂ ಇಲ್ಲ, ಬರೀ ಕರಿ ಎರೆಮಣ್ಣು. ಇನ್ನೈದು ಅಡಿ ಇಳಿಸಿದರು. ಅದೇ ಮಣ್ಣು. ನದಾಫ್ ಯಂತ್ರ ನಿಲ್ಲಿಸಿ ಹಣೆಯ ಬೆವರು ಒರೆಸಿಕೊಂಡ. ಮುಖ್ಯ ಎಂಜಿನಿಯರರಿಗೆ ಫೋನ್ ಮಾಡಬೇಕೋ ಬೇಡವೋ ಎಂಬಂತೆ ಹುಲಿಗೆಮ್ಮನ ಮುಖ ನೋಡಿದ. ಆಕೆಗೂ ತೋಚಲಿಲ್ಲ. ಐವತ್ತೊಂದು ವರ್ಷದ ಹಿಂದಿನ ನೆನಪು ನಂಬಿ ಇಲ್ಲಿ ಯಂತ್ರ ಹೂಡಿಸಿದ್ದು ತನ್ನ ಹುಚ್ಚೇ ಇರಬೇಕು ಎನ್ನಿಸಿತು.

ಚಿಗವ್ವ ದೂರದಲ್ಲಿ ಕೊಡೆಯ ನೆರಳಿನಲ್ಲಿ ಕೂತಿದ್ದವಳು ಎದ್ದು ಬಂದಳು. ಕೊರೆದ ತೂತು ನೋಡಿದಳು.

"ಇಲ್ಲಿ ಯಾಕ ಕೊರದಿ ತಮ್ಮಾ?"

"ನೀವೇ ತೋರ್ಸಿದ್ರಲ್ಲ ಅಜ್ಜಿ?"

"ನಾ ತೋರ್ಸಿದ್ದು ನಾ ನಿಲ್ಲೂ ಜಾಗ. ನಾ ಬಾವಿ ದಂಡಿಗಿ ನಿಂದ್ರತಿದ್ದೆ, ಬಾವಿಯೊಳಗಲ್ಲ. ಬಾವಿ ನನ್ನ ಮುಂದ ಇರ್ತಿತ್ತು." ಎಂದು ನದಿಯ ಕಡೆಗೆ ಎರಡು ಹೆಜ್ಜೆ ಇಟ್ಟು, ಬಾಗಿ, ಇಲ್ಲದ ಹಗ್ಗ ಹಿಡಿದು ಸೇದುವವಳಂತೆ ಎರಡೂ ಕೈ ಚಾಚಿದಳು. "ಕೊಡ ಇಲ್ಲಿ ಇಳೀತಿತ್ತು."

ನದಾಫ್ ನಕ್ಕುಬಿಟ್ಟ, ನಗುತ್ತಲೇ ಕಣ್ಣೊರೆಸಿಕೊಂಡ. ಯಂತ್ರವನ್ನು ಆರಡಿ ಮುಂದೆ ಸರಿಸಿದರು. ಈ ಸಲ ನಲವತ್ತೊಂದು ಅಡಿ ದಾಟಿದರೂ ಬೂದಿ ಮುಗಿಯಲಿಲ್ಲ. ನಲವತ್ತೈದು, ಐವತ್ತು, ಬೂದಿಯೇ. ಐವತ್ತೆಂಟಕ್ಕೆ ಯಂತ್ರದ ಸದ್ದು ಬದಲಾಯಿತು, ಕೊಳವೆಯೊಳಗೆ ನೀರು ಏರಿತು. ಮೇಲಿನಿಂದ ಹನ್ನೆರಡು ಅಡಿಗೆ ಬಂದು ನಿಂತಿತು. ಬೂದಿ ಬಣ್ಣದ, ಹಾಲಿನಂಥ ನೀರು. ಚಿಗವ್ವ ಬಗ್ಗಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಮೇಲಿನ ದಿನಗಳು ಹಗಲೆಲ್ಲ ಬೂದಿ ತೋಡುವ ಕೆಲಸ. ಬಾವಿಯೊಳಗಿನ ಬೂದಿಯನ್ನು ಕೊಳವೆಯ ಮೂಲಕ ಹೀರಿ ಹೊರಹಾಕುತ್ತಾ ಹೋದರು. ಹುಲಿಗೆಮ್ಮ ಪ್ರತಿ ಮೂರು ದಿನಕ್ಕೊಮ್ಮೆ ನೀರು ಪರೀಕ್ಷಿಸಿದಳು. ಕುಡಿಯುವ ನೀರಿನಲ್ಲಿ ಲೀಟರಿಗೆ ಹತ್ತು ಮೈಕ್ರೋಗ್ರಾಂ ಆರ್ಸೆನಿಕ್ ದಾಟಬಾರದು. ಮೊದಲ ಬಾಟಲಿಯಲ್ಲಿ ಅರವತ್ತೆರಡಿತ್ತು. ಆಮೇಲೆ ಐವತ್ತು, ಮೂವತ್ತೊಂದು. ಕಂಟ್ರೋಲ್ ರೂಮಿನ ಪರದೆಯ ಮೇಲೆ ನೀಲಿ ಚುಕ್ಕೆ ಅಂಚಿನಿಂದ ಒಳಕ್ಕೆ ಕಂದಾಗುತ್ತಾ ಬಂತು. ಇಪ್ಪತ್ತೆಂಟು ಡಿಗ್ರಿ, ಮೂವತ್ತೊಂದು, ಮೂವತ್ನಾಲ್ಕು. ಫೆಬ್ರವರಿ ಇಪ್ಪತ್ತೈದರಂದು ನದಾಫ್ ಫೋನ್ ಮಾಡಿ, "ಹಿಡೀತು ಮೇಡಂ," ಎಂದಷ್ಟೇ ಹೇಳಿದ.

ಮೂರು ದಿನಗಳ ನಂತರ ಐದನೇ ಘಟಕವನ್ನು ನಿಲ್ಲಿಸಿದರು. ನಿವೃತ್ತರಾದ ಹಳೆಯ ಕೆಲಸಗಾರರೂ ಬಂದಿದ್ದರು, ಕೆಲವರು ಊರುಗೋಲು ಹಿಡಿದು. ಕಟ್ಟೀಮನಿ ಸ್ವಿಚ್ಚು ತಿರುಗಿಸಿದರು. ಟರ್ಬೈನಿನ ಸದ್ದು ತಕ್ಷಣ ನಿಲ್ಲಲಿಲ್ಲ. ಇಳಿಯುತ್ತಾ, ಇಳಿಯುತ್ತಾ ಮುಕ್ಕಾಲು ಗಂಟೆ ತೆಗೆದುಕೊಂಡಿತು. ಐವತ್ತು ವರ್ಷ ಆ ಸದ್ದು ಇದೆಯೆಂದೇ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಿಂತಾಗ ಹೊರಗೆ ಎಲ್ಲೋ ಗುಬ್ಬಿ ಕೂಗುವುದು ಕೇಳಿಸಿತು. ಹುಲಿಗೆಮ್ಮನಿಗೆ ತಡೆಯಲಾರದೆ ಅಳು ಬಂತು. ಹನ್ನೊಂದು ಬೋರುಗಳಿಗೆ ಕೆಂಪು ಬಳಿಸಿದವಳು ತಾನು, ಇದು ನಿಂತದ್ದಕ್ಕೆ ನಗಬೇಕಾದವಳು. ಆದರೆ ಅಪ್ಪ ಬೂದಿ ಮೆತ್ತಿದ ಖಾಕಿಯಲ್ಲಿ ಇದೇ ಬಾಗಿಲಿನಿಂದ ಹೊರಬಂದು ಅವಳ ಕೈ ಹಿಡಿದು ಮನೆಗೆ ಕರೆದೊಯ್ಯುತ್ತಿದ್ದ. ಕಟ್ಟೀಮನಿ ಪಕ್ಕದಲ್ಲಿ ಬಂದು ನಿಂತರು.

ಕಾಲುವೆ ಒಂದು ವಾರದಲ್ಲಿ ನದಿಯಷ್ಟೇ ತಣ್ಣಗಾಯಿತು. ಜಿಲೇಬಿ ಮೀನು ಚದುರಿಹೋಯಿತು. ಚಿಗವ್ವ ಎರಡು ದಿನ ಬಲೆ ಹಾಕಿ ಬರಿಗೈಯಲ್ಲಿ ಬಂದು, ಮೂರನೆಯ ದಿನ ಬಲೆಯನ್ನು ಒಣಗಿಸಿ ಸುತ್ತಿ ಅಟ್ಟಕ್ಕೆ ಹಾಕಿದಳು. "ನದಿಯಾಗಿನ ಮೀನು ಹಿಡಿಯೂ ತಾಕತ್ತು ಈಗ ನನಗಿಲ್ಲ," ಎಂದಳು.

ಆಕೆಯ ನೌಕರಿಯೂ ಮಾರ್ಚಿಗೆ ಮುಗಿಯಿತು. ಆದರೆ ಪ್ರಯೋಗಾಲಯದ ಬೀಗದ ಕೈಯನ್ನು ಕಟ್ಟೀಮನಿ ಕೇಳಲಿಲ್ಲ, ಆಕೆ ಕೊಡಲೂ ಇಲ್ಲ. ಬಾವಿ ನೀರಿನ ಆರ್ಸೆನಿಕ್ ಹದಿನಾಲ್ಕಕ್ಕೆ ಇಳಿಯಿತು, ಏಪ್ರಿಲ್ ಮೊದಲ ವಾರ ಒಂಬತ್ತು, ಆಮೇಲೆ ಆರು. ಕುಡಿಯಬಹುದೇ ಎಂದು ಚಿಗವ್ವ ದಿನಾ ಕೇಳುತ್ತಿದ್ದಳು, ಹುಲಿಗೆಮ್ಮ ದಿನಾ ಬೇಡ ಎನ್ನುತ್ತಿದ್ದಳು. ನಾಲ್ಕು ಎಂದು ಮೂರು ಸಲ ಬಂದ ಮೇಲೆ, ಮೇ ತಿಂಗಳ ಒಂದು ಬೆಳಿಗ್ಗೆ, ಇಬ್ಬರೂ ಸ್ಟೀಲಿನ ಲೋಟ ಹಿಡಿದು ಬೂದಿಗಲ್ಲಿನ ಮೇಲೆ ನಡೆದು ಹೋದರು. ನದಾಫ್ ಪಂಪು ಹಾಕಿದ. ನೀರು ತಿಳಿಯಾಗಿ ಬಂತು.

ಚಿಗವ್ವ ಗಟಗಟ ಕುಡಿಯಲಿಲ್ಲ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ನುಂಗಿ, "ಹೌದು," ಎಂದಳು. "ಅದೇ. ಸ್ವಲ್ಪ ಕಲ್ಲಿನ ರುಚಿ. ನಿಮ್ಮವ್ವ ಇದರಾಗ ಬ್ಯಾಳಿ ಜಲ್ದಿ ಬೇಯ್ತಾವ ಅಂತಿದ್ಲು. ನಿನಗ ನೆನಪಾತೇನು ಹುಲಿಗಿ?"

ಹುಲಿಗೆಮ್ಮ ಕುಡಿದಳು. ತಣ್ಣಗಿತ್ತು. ಏಳು ವರ್ಷ ಈ ನೀರನ್ನೇ ಕುಡಿದು ಬೆಳೆದವಳು. ಐವತ್ತೊಂದು ವರ್ಷ ಊರಿನ ನೆನಪಾದಾಗಲೆಲ್ಲ ಈ ಬಾವಿಯನ್ನು ನೆನೆದವಳು. ನಾಲಗೆಯ ಮೇಲೆ ಆಡಿಸಿ, ಆಡಿಸಿ ಹುಡುಕಿದಳು. ಅವ್ವನ ಮುಖ ಬರಲಿಲ್ಲ, ಓಣಿ ಬರಲಿಲ್ಲ, ಯಾವ ನೆನಪೂ ಬರಲಿಲ್ಲ. ಆ ರುಚಿ ಆಕೆಗೆ ಸಂಪೂರ್ಣ ಹೊಸದಾಗಿತ್ತು.

"ಇಲ್ಲ ಚಿಗವ್ವ," ಎಂದಳು ಮೆಲ್ಲಗೆ. "ಏನೂ ನೆನಪಾಗವಲ್ದು."

ಚಿಗವ್ವ ಅವಳ ಲೋಟ ಕಿತ್ತುಕೊಂಡು, ಪಂಪಿನ ಕೆಳಗೆ ಹಿಡಿದು, ಅಂಚಿನವರೆಗೆ ತುಂಬಿ ಮತ್ತೆ ಅವಳ ಕೈಗೆ ಕೊಟ್ಟಳು.

"ಹೋಗ್ಲಿ ಬಿಡು. ಇವತ್ತಿಂದ ನೆನಪಿಟ್ಕೋ," ಎಂದಳು.

ಹುಲಿಗೆಮ್ಮ ನಿಂತಲ್ಲೇ ನಿಂತು ಆ ಲೋಟದ ನೀರನ್ನೂ ಪೂರ್ತಿ ಕುಡಿದಳು.